ಕತ್ತಿಯವಳ ಹೊಸ ಮಾತು

೨೦೨೫ರ ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ಎಂಟನೇ ಕಂತಿನ ಆರನೇ ನಿಮಿಷದಲ್ಲಿ ಕತ್ತಿಯವಳು "ಎಲ್ಲಿ ನೋಡ್ತಿದೀಯೋ, ಪೆದ್ದ!" ಎಂದು ಕಿರುಚಿದಳು. ನಾನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ.

ಕಿರುಚಿದ್ದು ನನ್ನ ಅತ್ತಿಗೆ. ತೆರೆಯ ಮೇಲೆ ಕಾಣುವುದು ತನ್ನಷ್ಟೇ ಎತ್ತರದ ಕತ್ತಿ ಹೊತ್ತ ಕೆಂಪು ಕೂದಲಿನ ಹುಡುಗಿ. ಅವಳಿಗೆ ನಮ್ಮ ಭಾಷೆಯಲ್ಲಿ ಗಂಟಲು ಕೊಡುವವಳು ನನ್ನ ಅಣ್ಣನ ಹೆಂಡತಿ. ಹೊರಗಿನಿಂದ ಬರುವ ಅನಿಮೆ ಸರಣಿಗಳಿಗೆ ಮಾತು ಕೂರಿಸುವ ಸ್ಟುಡಿಯೋ ನಮ್ಮದು. ನಾನು ಅಲ್ಲಿ ಪರೀಕ್ಷಕಿ. ಪ್ರತಿ ಕಂತೂ ಹೊರಗೆ ಹೋಗುವ ಮುನ್ನ ಸಂಗೀತದ ಪದರ, ಸದ್ದಿನ ಪದರ, ಮಾತಿನ ಪದರ ಎಂದು ಬೇರೆ ಬೇರೆಯಾಗಿ ನನ್ನ ಮೇಜಿಗೆ ಬರುತ್ತದೆ. ತುಟಿ ಆಡುವುದಕ್ಕೂ ಮಾತು ಕೇಳುವುದಕ್ಕೂ ಎಷ್ಟು ಅಂತರವಿದೆ, ಧ್ವನಿಯ ಮಟ್ಟ ಎಷ್ಟು, ಗದ್ದಲ ಎಷ್ಟು ಎಂದು ಅಳೆದು ನಮೂನೆ ತುಂಬಿ ಸಹಿ ಹಾಕುತ್ತೇನೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಕೊನೆಗೆ ಬೊಂಬೆಗಳ ತುಟಿ ಅಳೆಯುತ್ತಾ ಕೂತಿದ್ದೀಯ ಎಂದು ಅಣ್ಣ ರೇಗಿಸುವುದುಂಟು. ಅಳತೆ ಅಳತೆಯೇ, ಎಂದು ನಾನು ಅನ್ನುವುದುಂಟು.

ನಾನು ಹೆಡ್‌ಫೋನ್ ತೆಗೆಯಲು ಕಾರಣ ಆ ಕಿರುಚಾಟವಲ್ಲ. 'ಪೆದ್ದ' ಎಂಬುದರ ಬಾಲದಲ್ಲಿ, ಬಾಯಿ ಮುಚ್ಚುವಾಗ ಆಗುವಂಥ ಒಂದು ಪುಟ್ಟ 'ಟಕ್' ಇತ್ತು. ಅದನ್ನು ಮೊದಲೆಲ್ಲೋ ಕೇಳಿದ್ದೆ. ಒಂದೇ ಬಾಯಿಂದ ಎರಡು ಸಲ 'ಟಕ್' ಬರಬಹುದು. ಆದರೆ ಅದೇ ಅಕ್ಷರದ ನಂತರ, ಅದೇ ದೂರದಲ್ಲಿ, ಅದೇ ಎತ್ತರದಲ್ಲಿ? ಮನುಷ್ಯರು ಒಂದು ವಾಕ್ಯವನ್ನು ಎರಡು ಸಲ ಒಂದೇ ರೀತಿ ಹೇಳಲಾರರು. ಎಷ್ಟೇ ಪಳಗಿದ ಗಂಟಲಾದರೂ ಎಲ್ಲೋ ಒಂದು ಕೂದಲಿನಷ್ಟು ಜಾರುತ್ತದೆ. ಜಾರದಿದ್ದರೆ ಅನುಮಾನ ಪಡಬೇಕು.

ಅನುಮಾನ ನನ್ನ ಕೆಲಸದ ಭಾಗ. ಈ ಸರಣಿಯ ವಿಷಯದಲ್ಲಂತೂ ಅದು ಮೊದಲ ಕಂತಿನಿಂದಲೇ ಶುರುವಾಗಿತ್ತು. ಕಥೆ ಬರೆಯಲು ಒಂದು ಬಸ್ ಟಿಕೆಟ್ಟಿನ ಹಿಂಬದಿ ಸಾಕು. ಯಾರಿಗೂ ಬೇಡವಾದ ಒಬ್ಬ ಹುಡುಗ ಲಾರಿಗೆ ಸಿಕ್ಕಿ ಸಾಯುತ್ತಾನೆ, ಕಣ್ಣು ಬಿಟ್ಟರೆ ಬೇರೆ ಲೋಕ. ಅಲ್ಲಿ ಏನೂ ಕಲಿಯದೆ, ಬೆವರದೆ ಎಲ್ಲರಿಗಿಂತ ಬಲಶಾಲಿ. ಕತ್ತಿಯವಳು, ಬೆಕ್ಕಿನ ಕಿವಿಯವಳು, ಮಂತ್ರದವಳು, ರಾಜಕುಮಾರಿ, ಮುನ್ನೂರು ವರ್ಷ ವಯಸ್ಸಾಗಿದ್ದರೂ ಮಗುವಿನಂತೆ ಕಾಣುವವಳು, ಹೀಗೆ ಐದು ಹುಡುಗಿಯರು ಅವನಿಗೆ ಮರುಳಾಗುತ್ತಾರೆ. ಅವನಲ್ಲಿ ಮರುಳಾಗುವಂಥದ್ದು ಏನಿದೆ ಎಂದು ಕಥೆ ಒಮ್ಮೆಯೂ ಕೇಳಿಕೊಳ್ಳುವುದಿಲ್ಲ. ಪ್ರತಿ ಕಂತಿನಲ್ಲೂ ಅವನು ಕಾಲು ಜಾರಿ ಯಾರದೋ ಸ್ನಾನದ ಕೊಳಕ್ಕೆ ಬೀಳುತ್ತಾನೆ, ಕತ್ತಿಯವಳು ಕಿರುಚುತ್ತಾಳೆ, ಅವನ ಮೂಗಿನಿಂದ ರಕ್ತ ಚಿಮ್ಮುತ್ತದೆ. ಕೊನೆಯ ಮೂರು ನಿಮಿಷಕ್ಕೆ ಒಬ್ಬ ದುಷ್ಟ ಬರುತ್ತಾನೆ, ಒಂದೇ ಏಟಿಗೆ ಹೋಗುತ್ತಾನೆ. ಒಂದು ಚರವನ್ನೂ ಬದಲಿಸದೆ ಹನ್ನೆರಡು ಸಲ ಮಾಡಿದ ಪ್ರಯೋಗ ಅದು.

ನಾಲ್ಕನೇ ಕಂತಿನ ಹೊತ್ತಿಗೆ ನಾನೂ ಒಂದು ಪ್ರಯೋಗ ಮಾಡಿದ್ದೆ. ಐವರ ಮಾತುಗಳಿಂದ ನಲವತ್ತನ್ನು ಆರಿಸಿ, ಹೆಸರು ಅಳಿಸಿ, ಮೇಷ್ಟ್ರ ಮುಂದಿಟ್ಟೆ. ಮೇಷ್ಟ್ರು ಎಂದರೆ ನಮ್ಮ ಸಂಭಾಷಣೆಕಾರರು. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ ಇಲ್ಲಿಗೆ ಬಂದವರು. ಆ ಮಾತುಗಳನ್ನೆಲ್ಲ ಬರೆದವರೂ ಅವರೇ. ಯಾವುದು ಯಾರದ್ದು ಹೇಳಿ ಎಂದೆ. ಕನ್ನಡಕ ಒರೆಸಿ ಒರೆಸಿ ಹೇಳಿದರು. ಸರಿಯಾದದ್ದು ಹದಿಮೂರು. ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಸರಾಸರಿ ಎಂಟು ಸರಿಯಾಗುತ್ತಿತ್ತು.

"ಹೆತ್ತವರಿಗೇ ಮಕ್ಕಳ ಗುರುತು ಸಿಗ್ತಿಲ್ವಲ್ಲ ಮೇಷ್ಟ್ರೇ."

"ಹೆತ್ತವನು ನಾನಲ್ಲಮ್ಮ, ಬಟ್ಟೆ ಹಾಕೋನು. ಐದೂ ಒಂದೇ ಅಳತೆ, ನಾನೇನು ಮಾಡ್ಲಿ?"

ಸ್ಟುಡಿಯೋದ ನಿಯಮ ಬೇರೆ ಇತ್ತು: ಪಾತ್ರ ಪದೇ ಪದೇ ಆಡುವ ಮಾತಿಗೆ ಪ್ರತಿ ಸಲವೂ ಅದೇ ಅನುವಾದ ಇರಬೇಕು, ಒಂದಕ್ಷರ ಆಚೀಚೆ ಆಗಬಾರದು. ಅದಕ್ಕೆಂದೇ ಮೇಷ್ಟ್ರು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೋಷ್ಟಕ ಮಾಡಿಕೊಂಡಿದ್ದರು.

ಆ ಮಂಗಳವಾರ ನಾನು ಹಳೆಯ ಕಂತುಗಳ ಮಾತಿನ ಪದರ ತೆರೆದು 'ಟಕ್' ಹುಡುಕಿದೆ. ಮೂರನೇ ಕಂತಿನಲ್ಲಿ ಸಿಕ್ಕಿತು. ಎರಡೂ ಒಂದೇ ಹೌದೋ ಅಲ್ಲವೋ ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಒಂದರ ಅಲೆಯನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಬೇಕು. ಬೇರೆ ಬೇರೆ ಮಾತಾದರೆ ಗಜಿಬಿಜಿ ಉಳಿಯುತ್ತದೆ, ಒಂದೇ ಆದರೆ ಒಂದನ್ನೊಂದು ನುಂಗಿಬಿಡುತ್ತವೆ. ಕೂಡಿಸಿ ಕೇಳಿದೆ. ಏನೂ ಇರಲಿಲ್ಲ. ಹೆಡ್‌ಫೋನ್ ಕೈಕೊಟ್ಟಿತೇ ಎಂದು ತಂತಿ ಅಲುಗಾಡಿಸಿ ನೋಡಿದೆ. ನನ್ನ ಉಸಿರು ಮಾತ್ರ ಕೇಳಿಸುತ್ತಿತ್ತು.

ಊಟದ ಬಿಡುವಿಗೆ ಏಳದೆ ಅತ್ತಿಗೆಯ ಅಷ್ಟೂ ಮಾತನ್ನು ಪರೀಕ್ಷಿಸಿದೆ. ಎಂಟನೇ ಕಂತಿನಲ್ಲಿ ಅವಳದು ನಲವತ್ತೊಂದು ಮಾತು. ಕೆಲವು ಇಡಿಯಾಗಿ, ಕೆಲವು ಎರಡು ತುಂಡು ಸೇರಿಸಿದಂತೆ, ನಲವತ್ತೊಂದೂ ಹಳೆಯವೇ.

ಮೊದಲ ಅನುಮಾನ ಕಿವಿಯ ಮೇಲೆ ಹೋಯಿತು. ಕಿವಿ ನಮ್ಮ ಧ್ವನಿ ಜೋಡಿಸುವ ಹುಡುಗ. ಅವನ ಕಿವಿಗಳು ನಿಜಕ್ಕೂ ದೊಡ್ಡವು, ಚುರುಕೂ ಹೌದು, ಹಾಗಾಗಿ ಹೆಸರು ಎರಡು ಕಡೆಯಿಂದಲೂ ಅಂಟಿತ್ತು. ಅತ್ತಿಗೆಯನ್ನು ಕರೆಸದೆಯೇ ಅವಳ ಹಳೆಯ ಮಾತು ಕತ್ತರಿಸಿ ಅಂಟಿಸುತ್ತಿದ್ದಾನೆ, ಮ್ಯಾನೇಜರ್ ಇದನ್ನು ಮಾಡಿಸುತ್ತಿದ್ದಾರೆ, ಇನ್ನು ನಾಲ್ಕು ವಾರದಲ್ಲಿ ಅವಳನ್ನು ಮೆಲ್ಲನೆ ಹೊರಗೆ ಕಳಿಸುತ್ತಾರೆ: ಇಷ್ಟನ್ನು ನಾನು ಹತ್ತು ನಿಮಿಷದಲ್ಲಿ ಕಟ್ಟಿಕೊಂಡೆ. ಆಮೇಲೆ ನೆನಪಾಯಿತು. ಹಿಂದಿನ ಗುರುವಾರ ಮಧ್ಯಾಹ್ನ ಒಂದೂವರೆಗೆ ಅತ್ತಿಗೆ ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಂಡು "ರೆಕಾರ್ಡಿಂಗ್‌ಗೆ ಹೊರಟೆ" ಎಂದು ನನಗೇ ಫೋನಿನಲ್ಲಿ ಸಂದೇಶ ಕಳಿಸಿದ್ದಳು. ಹೋದವಳು ಏನು ಮಾಡಿದಳು ಹಾಗಾದರೆ?

ನಾವೆಲ್ಲ ಒಂದೇ ಮನೆಯಲ್ಲಿರುವುದು. ಮೂರನೇ ಮಹಡಿ, ಎರಡು ಕೋಣೆ, ಬಟ್ಟೆ ಒಣಗಿಸಲು ಒಂದು ಕಂಬಿಯಷ್ಟೇ ಅಗಲದ ಬಾಲ್ಕನಿ. ಅಣ್ಣ ಲಿಫ್ಟ್ ರಿಪೇರಿ ಮಾಡುತ್ತಾನೆ. ಸಂಜೆ ಅತ್ತಿಗೆ ಬಟ್ಟೆ ಮಡಚುತ್ತಿದ್ದಳು. ನಾನು ಎದುರು ಕೂತು ಒಂದು ಅಂಗಿ ಕೈಗೆತ್ತಿಕೊಂಡೆ.

"ಎಂಟನೇ ಕಂತು ಬಂತು ಅತ್ತಿಗೆ. ಕೊಳದ ಹತ್ರ ಕಿರುಚೋದು ಚೆನ್ನಾಗಿ ಬಂದಿದೆ. ಎಷ್ಟು ಸಲ ತಗೊಂಡ್ರು?"

ಅವಳು ಅಂಗಿಯ ತೋಳು ಸರಿಮಾಡಿದಳು. ಬಲಗೈಯ ನಾಲ್ಕು ಬೆರಳು ತೋರಿಸಿದಳು.

"ನಾಲ್ಕಾ?"

ತಲೆಯಾಡಿಸಿದಳು.

"ಬಾಯಲ್ಲಿ ಹೇಳಿದ್ರೆ ಏನಾಗುತ್ತೆ?"

"ಧ್ವನಿ ಉಳಿಸ್ಕೋಬೇಕು ಕಣೇ," ಎಂದಳು, ತಗ್ಗಿನ ದನಿಯಲ್ಲಿ. "ದೊಡ್ಡ ಕಲಾವಿದರೆಲ್ಲ ಹಂಗೇ."

ಒಳಗಿನಿಂದ ಅಣ್ಣ ಕೂಗಿದ: "ಎರಡು ವಾರದಿಂದ ಈ ಮನೇಲಿ ಎಷ್ಟು ಶಾಂತಿ ಅಂದ್ರೆ, ನಾನು ಪಕ್ಕದ ಮನೆಗೆ ಬಂದ್ನೇನೋ ಅಂತ ಬಾಗಿಲ ನಂಬರ್ ನೋಡ್ಕೊಂಡು ಬರ್ತೀನಿ!"

ಅತ್ತಿಗೆ ನಕ್ಕಳು. ನಗುವೂ ಸದ್ದಿಲ್ಲದ್ದು. ನನಗೆ ನಗು ಬರಲಿಲ್ಲ. ನಾಲ್ಕು ಬೆರಳು ತೋರಿಸಿದವಳು ಒಂದು ಸಲವೂ ಆ ಮಾತು ಆಡಿರಲಿಲ್ಲ, ಅದು ನನಗೆ ಗೊತ್ತಿತ್ತು. ಅಣ್ಣನಿಗೆ ಎಷ್ಟು ಗೊತ್ತು? ಗುರುವಾರದ ಮಧ್ಯಾಹ್ನಗಳು ಎಲ್ಲಿಗೆ ಹೋಗುತ್ತಿದ್ದವು? ಅಣ್ಣನ ಮದುವೆಯಾದ ಒಂಬತ್ತು ವರ್ಷದಿಂದ ನೋಡಿದ ಮುಖವನ್ನು ಅಂದು ಮೊದಲ ಬಾರಿಗೆ ಸಾಕ್ಷ್ಯದಂತೆ ನೋಡಿದೆ. ನೋಡಿದ್ದು ನನಗೇ ಹಿಡಿಸಲಿಲ್ಲ.

ಬುಧವಾರ ಕಿವಿಯನ್ನು ನೀರಿನ ಯಂತ್ರದ ಹತ್ತಿರ ಹಿಡಿದೆ.

"ಕತ್ತಿಯವಳ ಮಾತು ಈ ಸಲ ಯಾವತ್ತು ರೆಕಾರ್ಡ್ ಆಯ್ತು?"

"ಗುರುವಾರ. ಯಾಕಕ್ಕಾ?"

"ಯಾವ ಗುರುವಾರ? ಜನವರೀದಾ?"

ಅವನ ಲೋಟ ತುಂಬಿ ಹರಿಯಿತು. "ಅಯ್ಯೋ ನೋಡಿ, ಮಾತಾಡಿಸಿ ಚೆಲ್ಲಿಸಿಬಿಟ್ರಿ," ಎಂದು ಕಾಲಿನಲ್ಲಿ ನೆಲ ಒರೆಸತೊಡಗಿದ. "ಅಕ್ಕಾ, ನಿಮ್ಮ ಮನೇಲೇ ಇದಾರಲ್ಲ, ಅವರನ್ನೇ ಕೇಳ್ಬಾರ್ದಾ? ನನ್ನ ಯಾಕೆ ಇಕ್ಕಟ್ಟಿಗೆ ಸಿಕ್ಕಿಸ್ತೀರಿ?"

ಅಂದರೆ ಇಕ್ಕಟ್ಟು ಇದೆ. ಎಂಟನೇ ಕಂತಿನ ನಮೂನೆಗೆ ಸಹಿ ಹಾಕದೆ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ಗುರುವಾರ ಎರಡು ಗಂಟೆ ಹತ್ತು ನಿಮಿಷಕ್ಕೆ ಕೆಳಗಿನ ಮಹಡಿಗೆ ಇಳಿದೆ. ಧ್ವನಿಮುದ್ರಣದ ಗೂಡು ಕತ್ತಲಾಗಿತ್ತು, ಮೈಕಿಗೆ ಮುಸುಕು ಹಾಕಿತ್ತು. ಪಕ್ಕದ ಜೋಡಣೆ ಕೋಣೆಯ ಬಾಗಿಲು ಒಂದಂಗುಲ ತೆರೆದಿತ್ತು. ಒಳಗೆ ಎರಡು ಕುರ್ಚಿ, ಕಿವಿಯದೊಂದು, ಅತ್ತಿಗೆಯದೊಂದು. ಅವಳ ಮಡಿಲಲ್ಲಿ ಒಂಬತ್ತನೇ ಕಂತಿನ ಹಾಳೆಗಳು, ಕೈಯಲ್ಲಿ ಕೆಂಪು ಪೆನ್ನು. ಕಿವಿ ಒಂದು ತುಂಡು ಕೇಳಿಸಿದ. ಕತ್ತಿಯವಳು ಸಿಡುಕಿದಳು. ಅತ್ತಿಗೆ ತಲೆ ಅಲ್ಲಾಡಿಸಿ ಹಾಳೆಯ ಅಂಚಿನಲ್ಲಿ ಏನೋ ಗೀಚಿದಳು.

"ಐದನೇ ಕಂತಿಂದು ಹದಿನಾರನೇದಾ?" ಎಂದ ಕಿವಿ. "ಅದರಲ್ಲಿ ಕೋಪ ಕಮ್ಮಿ ಇದೆ ಅಕ್ಕಾ."

"ಇಲ್ಲಿ ಕಮ್ಮೀನೇ ಬೇಕು," ಎಂದಳು ಅತ್ತಿಗೆ. "ಅವನು ಸುಸ್ತಾಗಿದಾನಲ್ಲ."

ಆ ಧ್ವನಿ ಕೇಳಿ ನಾನು ಬಾಗಿಲು ತಳ್ಳಿದೆ. ಮನೆಯಲ್ಲಿ ಅವಳು ಎರಡು ಮೂರು ಪದಕ್ಕೆ ನಿಲ್ಲಿಸುತ್ತಿದ್ದುದು ಏಕೆಂದು ಆಗ ತಿಳಿಯಿತು. ನಾಲ್ಕನೇ ಪದಕ್ಕೆ ಅವಳ ಗಂಟಲು ಹರಿದ ಕಾಗದದಂತೆ ಸದ್ದು ಮಾಡುತ್ತಿತ್ತು.

ಕಿವಿ ಎದ್ದು ನಿಂತ. "ನಾನು ಟೀ ತರ್ತೀನಿ," ಎಂದು ಯಾರೂ ಕೇಳದ ಟೀ ತರಲು ಹೊರಟುಹೋದ.

ಅತ್ತಿಗೆ ಪೆನ್ನಿನ ಮುಚ್ಚಳ ಹಾಕಿದಳು. ಆಮೇಲೆ ಹೇಳಿದಳು, ನಿಲ್ಲಿಸಿ ನಿಲ್ಲಿಸಿ, ತಗ್ಗಿದ ದನಿಯಲ್ಲಿ. ಏಳನೇ ಕಂತು ಮುಗಿಸಿದ ರಾತ್ರಿಯಿಂದ ಧ್ವನಿ ಎದ್ದಿರಲಿಲ್ಲ. ಫೆಬ್ರವರಿ ಇಪ್ಪತ್ತೇಳಕ್ಕೆ ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಧ್ವನಿತಂತುಗಳ ಮೇಲೆ ಎರಡು ಸಣ್ಣ ಗಂಟು. ಆರು ವಾರ ಕಿರುಚುವಂತಿಲ್ಲ. ಪಿಸುಗುಟ್ಟುವಂತೆಯೂ ಇಲ್ಲ, ಅದು ಇನ್ನೂ ಕೆಟ್ಟದ್ದು. ಬೇಕಾದಷ್ಟೇ, ಮಾಮೂಲಿ ದನಿಯಲ್ಲಿ, ಮೆಲ್ಲಗೆ. ಮೀರಿದರೆ ಶಸ್ತ್ರಚಿಕಿತ್ಸೆ. ಅದಾದ ಮೇಲೆ ಧ್ವನಿ ಹೀಗೇ ಬರುತ್ತದೆ ಎಂದು ಹೇಳಲಾಗುವುದಿಲ್ಲ.

"ಸ್ಟುಡಿಯೋಗೆ ಹೇಳಿ ರಜೆ ತಗೋಬಹುದಿತ್ತಲ್ಲ ಅತ್ತಿಗೆ."

"ಹೇಳಿದ್ರೆ ಮಾರನೇ ದಿನ ಇನ್ನೊಬ್ಬಳು ಬರ್ತಾಳೆ. ಐದು ಹುಡುಗೀರೂ ಒಂದೇ ಥರ ಕಿರುಚ್ತಾರೆ. ಯಾರು ಕಿರುಚಿದ್ರೂ ಯಾರಿಗೂ ಗೊತ್ತಾಗಲ್ಲ. ನಾನು ಹೋಗಿದ್ದೂ ಗೊತ್ತಾಗಲ್ಲ."

"ಮೇಷ್ಟ್ರಿಗೆ ಗೊತ್ತಾ?"

"ಹೊಸ ಮಾತು ಬರೀಬೇಡಿ, ಕೋಷ್ಟಕದಲ್ಲಿರೋದೇ ಹಾಕಿ ಅಂದೆ. ಸೋಮಾರಿ ಅಂತ ಬೈದ್ರು. ಹಾಕಿಕೊಟ್ರು. ಮೂಲದಲ್ಲೇ ಹೊಸದೇನಿಲ್ಲ, ಕಷ್ಟ ಆಗ್ಲಿಲ್ಲ ಅಂದ್ರು."

"ಅಣ್ಣಂಗೆ?"

ತಲೆಯಾಡಿಸಿದಳು.

"ಅಂದ್ರೆ ಮನೇಲಿ ನಂಗೊಬ್ಬಳಿಗೇ ಹೇಳಿಲ್ಲ."

"ನಿಂಗೆ ಹೇಳಿದ್ರೆ ನೀನು ನಮೂನೇಲಿ ಬರೀತೀಯ," ಎಂದಳು ಅತ್ತಿಗೆ. "ಅದಕ್ಕೇ."

ಮೂರು ದಿನದಿಂದ ನಾನು ಮನೆಯಲ್ಲಿ ಎಲ್ಲರನ್ನೂ ಅನುಮಾನಿಸುತ್ತಿದ್ದೆ. ಅವರು ಎರಡು ವಾರದಿಂದ ನನ್ನನ್ನು ಅನುಮಾನಿಸುತ್ತಿದ್ದರು. ಅವರ ಅನುಮಾನಕ್ಕೇ ಹೆಚ್ಚು ಆಧಾರವಿತ್ತು ಎಂದು ಒಪ್ಪಿಕೊಳ್ಳಬೇಕು.

ನಾನು ಮೇಲೆ ಹೋಗಿ ಡ್ರಾಯರ್ ತೆರೆದೆ. ನಮೂನೆಯಲ್ಲಿ ಹದಿನಾಲ್ಕು ಅಂಕಣ. ತುಟಿ ಹೊಂದಿದೆಯೇ? ಹೊಂದಿದೆ. ಮಟ್ಟ ಸರಿಯೇ? ಸರಿ. ಗದ್ದಲ? ಇಲ್ಲ. 'ಈ ಮಾತನ್ನು ಯಾರಾದರೂ ಈಗ ಆಡಿದ್ದಾರೆಯೇ?' ಎಂಬ ಅಂಕಣ ಇರಲಿಲ್ಲ, ಯಾಕೆಂದರೆ ಅಂಥ ಪ್ರಶ್ನೆ ಬೇಕಾಗುತ್ತದೆಂದು ನಮೂನೆ ಮಾಡಿದವರಿಗೆ ಹೊಳೆದಿರಲಾರದು. ಕೊನೆಯಲ್ಲಿ 'ಇತರ ಷರಾ' ಎಂಬ ಖಾಲಿ ಜಾಗವಿತ್ತು. ಅದನ್ನು ಖಾಲಿ ಬಿಟ್ಟು ಸಹಿ ಹಾಕಿದೆ. ಸುಳ್ಳು ಬರೆಯಲಿಲ್ಲ ಎಂದು ಹೇಳಿಕೊಂಡೆ. ಸಹಿ ಮಾತ್ರ ನನ್ನ ಎಂದಿನ ಸಹಿಗಿಂತ ಚಿಕ್ಕದಾಗಿತ್ತು.

ಒಂಬತ್ತು, ಹತ್ತು, ಹನ್ನೊಂದು. ಮೂರೂ ಹಾಗೆಯೇ ಹೋದವು. ನಾನು ಇನ್ನೊಂದು ವಿಷಯ ಗಮನಿಸಿದೆ. ಅಂಟಿಸಿದ ಕಂತುಗಳಲ್ಲಿ ಅತ್ತಿಗೆಯ ಅಭಿನಯ ಮೊದಲಿನದಕ್ಕಿಂತ ಚೆನ್ನಾಗಿತ್ತು. ಏಳು ಕಂತಿನ ಮುನ್ನೂರಕ್ಕೂ ಹೆಚ್ಚು ಮಾತುಗಳಲ್ಲಿ ಯಾವುದರಲ್ಲಿ ಉಸಿರು ಎಲ್ಲಿ ನಿಂತಿತ್ತು ಎಂದು ಅವಳಿಗೆ ಬಾಯಿಪಾಠವಿತ್ತು. ಕೋಪದ ಜಾಗಕ್ಕೆ ಬೇಸರದ ತುಂಡು ಇಟ್ಟು, ಬೇಸರದ ಜಾಗಕ್ಕೆ ನಾಚಿಕೆಯದನ್ನಿಟ್ಟು, ಆ ಹಲಗೆಯಂಥ ಪಾತ್ರಕ್ಕೆ ಅವಳು ಏನೋ ತುಂಬುತ್ತಿದ್ದಳು. ಒಬ್ಬ ನಟಿ ತಿಂಗಳಿಡೀ ಮೌನವಾಗಿದ್ದರೂ ಒಂದು ಕಥೆಯಲ್ಲಿ ಅವಳ ಪಾತ್ರ ಲವಲವಿಕೆಯಿಂದ ನಡೆಯಬಹುದಾದರೆ, ಆ ಕಥೆಯ ಬಗ್ಗೆ ಇದಕ್ಕಿಂತ ಖಚಿತವಾದ ವಿಮರ್ಶೆ ಬೇಕಿಲ್ಲ.

ಏಪ್ರಿಲ್ ಒಂದರಂದು ಹನ್ನೆರಡನೇ, ಕೊನೆಯ ಕಂತಿನ ಹಾಳೆಗಳು ಬಂದವು. ಡಾಕ್ಟರ ಆರು ವಾರ ಮುಗಿಯುವುದು ಹತ್ತಕ್ಕೆ. ಕಂತು ಹೊರಗೆ ಹೋಗಬೇಕಾದದ್ದು ಎಂಟಕ್ಕೆ. ಒಂದು ಹೊಸ ಮಾತೂ ಇಲ್ಲದಿದ್ದರೆ ಅತ್ತಿಗೆ ದಾಟಿದಂತೆ. ನಾನು ಮೇಷ್ಟ್ರ ಕೋಷ್ಟಕವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಮಾತಿಗೆ ಗುರುತು ಹಾಕುತ್ತಾ ಹೋದೆ. ಮೂವತ್ತೇಳು ಮಾತು. ಇಪ್ಪತ್ತೆಂಟರವರೆಗೆ ಎಲ್ಲವೂ ಇತ್ತು. ಇಪ್ಪತ್ತೊಂಬತ್ತಕ್ಕೆ ಪೆನ್ಸಿಲ್ ನಿಂತಿತು.

ದೃಶ್ಯ ಹೀಗಿತ್ತು. ಬೇರೆ ಲೋಕದ ಬಾಗಿಲು ತೆರೆಯುತ್ತದೆ, ನಾಯಕ ಬೇಕಾದರೆ ತನ್ನ ಹಳೆಯ ಲೋಕಕ್ಕೆ ಹಿಂತಿರುಗಬಹುದು. ನಾಲ್ಕು ಹುಡುಗಿಯರು ಹೋಗಬೇಡ ಎಂದು ತೋಳು ಹಿಡಿದು ಜಗ್ಗುತ್ತಾರೆ. ಅವನು ನಗುತ್ತಾ ನಿಂತಿರುತ್ತಾನೆ. ಕತ್ತಿಯವಳು ಮಾತ್ರ ದೂರ ನಿಂತು ಕೇಳುತ್ತಾಳೆ: "ನಿಮ್ಮಮ್ಮಂಗೆ ಯಾರಾದ್ರೂ ಹೇಳಿದಾರಾ?"

ಅವನು ಉತ್ತರ ಹೇಳುವ ಮೊದಲೇ ಬೆಕ್ಕಿನ ಕಿವಿಯವಳು ಎಡವಿ ಅವನ ಮೇಲೆ ಬೀಳುತ್ತಾಳೆ. ಎಲ್ಲರೂ ಕೊಳಕ್ಕೆ. ಬಾಗಿಲು ಮುಚ್ಚುತ್ತದೆ.

ನಾನು ಹಾಳೆ ಹಿಡಿದು ಮೇಷ್ಟ್ರ ಮೇಜಿಗೆ ಹೋದೆ. "ಇದು ಮೂಲದಲ್ಲಿದೆಯಾ, ನೀವು ಸೇರಿಸಿದ್ದಾ?"

"ನನ್ನ ಮೇಲೂ ಅನುಮಾನವಾ? ಇದೆ ಮಾರಾಯ್ತಿ. ನಾನೂ ಮೂರು ಸಲ ನೋಡಿದೆ. ಹನ್ನೆರಡು ಕಂತಲ್ಲಿ ಬರೆದೋನಿಗೆ ಒಂದೇ ಒಂದು ಸಲ ಎಚ್ಚರ ಆಗಿದೆ. ಮತ್ತೆ ಮಲಗಿಬಿಟ್ಟಿದಾನೆ."

ನಾನು ಬಾಗಿಲು ಹಾಕಿ ಅವರಿಗೆ ಎಲ್ಲ ಹೇಳಿದೆ. ಕೊನೆಗೆ ನಾನು, "ಇದನ್ನ ಬದಲಾಯಿಸಿಬಿಡಿ. 'ಬೇಗ ಹೇಳೋ, ಪೆದ್ದ' ಅಂತ ಹಾಕಿ. ಕೋಷ್ಟಕದಲ್ಲಿದೆ," ಎಂದೆ.

ಮೇಷ್ಟ್ರು ಕನ್ನಡಕ ತೆಗೆದರು. "ಅವಳು ಕೇಳಿದ್ದಕ್ಕೆ ನಾಲ್ಕು ಕಂತು ಹಳೇದೇ ಹಾಕಿಕೊಟ್ಟೆ. ಕಾರಣ ಗೊತ್ತಿದ್ರೆ ಇನ್ನೂ ಖುಷಿಯಿಂದ ಕೊಡ್ತಿದ್ದೆ. ಆದರೆ ಇದನ್ನ ಮುಟ್ಟಲ್ಲಮ್ಮ. ಒಬ್ಬ ಹುಡುಗ ಲಾರಿ ಕೆಳಗೆ ಸತ್ತ. ಅವನ ಮನೇಲಿ ಯಾರೋ ಇರಬೇಕಲ್ವಾ? ಇಷ್ಟು ದಿನ ನನಗೂ ಹೊಳೀಲಿಲ್ಲ, ನಿನಗೂ ಹೊಳೀಲಿಲ್ಲ. ಈ ಹುಡುಗಿ ಕೇಳಿದಾಳೆ. ಕೇಳಲಿ ಬಿಡು."

ನಿಜ. ನಾನು ಲಾರಿಯ ವೇಗ ಅಳೆದಿದ್ದೆ, ಟೈರಿನ ಕಿರುಚಾಟದ ಮಟ್ಟ ಅಳೆದಿದ್ದೆ. ಆ ಮನೆಯ ಬಾಗಿಲು ತಟ್ಟಿದವರು ಯಾರಿರಬಹುದು ಎಂದು ಯೋಚಿಸಿರಲಿಲ್ಲ.

ಗುರುವಾರ, ಏಪ್ರಿಲ್ ಮೂರು. ಕಿವಿ ತುಂಡುಗಳಿಂದ ಆ ವಾಕ್ಯ ಕಟ್ಟುತ್ತೇನೆಂದು ಬೆಳಿಗ್ಗೆಯಿಂದ ಕೂತಿದ್ದ. 'ಯಾರಾದ್ರೂ' ಎರಡನೇ ಕಂತಿನಲ್ಲಿ ಸಿಕ್ಕಿತ್ತು, 'ಹೇಳಿದಾರಾ' ಆರರಲ್ಲಿ. 'ಅಮ್ಮ' ಮಾತ್ರ ಎಲ್ಲೂ ಇರಲಿಲ್ಲ. ಇದ್ದದ್ದು ಒಂದೇ, ನಾಲ್ಕನೇ ಕಂತಿನಲ್ಲಿ ಅವಳ ಕಾಲಿನ ಮೇಲೆ ಬಂಡೆ ಬಿದ್ದಾಗ ಕೂಗುವ "ಅಮ್ಮಾ!" ಅದನ್ನೇ ಕತ್ತರಿಸಿ, ಬಾಲಕ್ಕೆ ಇನ್ನೇನೋ ಅಂಟಿಸಿ ಕೇಳಿಸಿದ. ಲಿಫ್ಟಿನಲ್ಲಿ ಸಿಕ್ಕಿಕೊಂಡವಳು ವಿಳಾಸ ಕೇಳುತ್ತಿರುವಂತಿತ್ತು. ಮೂವರೂ ನಕ್ಕೆವು. ಅತ್ತಿಗೆ ಮೊದಲು ನಗು ನಿಲ್ಲಿಸಿದಳು.

"ಮೈಕ್ ಹಾಕು," ಎಂದಳು.

"ಡಾಕ್ಟರು ಹತ್ತನೇ ತಾರೀಖಿನವರೆಗೆ ಅಂದಿದಾರೆ," ಎಂದೆ ನಾನು.

"ಕಿರುಚಬೇಡ ಅಂದಿದಾರೆ. ಇದು ಕಿರುಚೋ ಮಾತಾ?"

ನಾನು ಷರತ್ತು ಹಾಕಿದೆ: ಒಂದೇ ಸಲ, ಪಿಸುಗುಟ್ಟದೆ, ಮಾಮೂಲಿ ದನಿಯಲ್ಲಿ. ಬಂದರೆ ಬಂತು, ಬರದಿದ್ದರೆ ಇಲ್ಲ. ಇನ್ನೊಂದು ಸಲ ಎಂದು ಅವಳು ಹಟ ಹಿಡಿಯುತ್ತಾಳೆಂಬ ಗುಮಾನಿಯಿಂದ ನಾನೂ ಗೂಡಿನೊಳಗೆ ಹೋಗಿ ಅವಳ ಪಕ್ಕದಲ್ಲೇ ನಿಂತೆ. ಗಾಜಿನಾಚೆ ಕಿವಿ ಬೆರಳೆತ್ತಿದ. ತೆರೆಯ ಮೇಲೆ ಕತ್ತಿಯವಳು ತಲೆ ಎತ್ತಿದಳು. ಅತ್ತಿಗೆ ಉಸಿರು ತೆಗೆದುಕೊಂಡು ಹೇಳಿದಳು.

ಅದು ಕತ್ತಿಯವಳ ಧ್ವನಿಯಾಗಿರಲಿಲ್ಲ. ತಗ್ಗಿತ್ತು, ಒರಟಾಗಿತ್ತು, 'ಯಾರಾದ್ರೂ' ಎಂಬಲ್ಲಿ ಒಂದು ಕಡೆ ಸದ್ದೇ ಬಿಟ್ಟುಹೋಗಿ ಮತ್ತೆ ಹಿಡಿದುಕೊಂಡಿತ್ತು. ಆದರೆ ತುಟಿ ಎಲ್ಲೆಲ್ಲಿ ತೆರೆಯಿತೋ ಅಲ್ಲಲ್ಲಿ ಮಾತು ಇತ್ತು.

ಕಿವಿ ಮೈಕಿನಲ್ಲಿ, "ಅಕ್ಕಾ... ಬೇರೆ ಯಾರೋ ಮಾತಾಡಿದ ಹಾಗಿದೆ," ಎಂದ. ಇನ್ನೊಮ್ಮೆ ಹಾಕಿ ಕೇಳಿ, "ಇದನ್ನೇ ಇಡೋಣ," ಎಂದ.

ಹೊರಗೆ ಬಂದ ಮೇಲೆ ಅತ್ತಿಗೆ ನನ್ನ ಕೈ ಹಿಡಿದುಕೊಂಡಳು. ನಮೂನೆಯಲ್ಲಿ 'ಧ್ವನಿ ಹೊಂದಾಣಿಕೆ' ಎಂಬ ಅಂಕಣವಿದೆ. ಈ ಮಾತು ಅದರಲ್ಲಿ ಪಾಸಾಗುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಬರೆದುಬಿಡು," ಎಂದಳು. "ಎಲ್ಲಾ ಬರಿ. ನನಗೂ ಅಡಗಿ ಅಡಗಿ ಸಾಕಾಗಿದೆ. ಈ ಮಾತು ಮಾತ್ರ ತೆಗೀಬಾರ್ದು ಅಂತ ಸೇರಿಸು."

ನಾನು 'ಇತರ ಷರಾ' ಜಾಗದಲ್ಲಿ ಹನ್ನೊಂದು ಸಾಲು ಬರೆದೆ. ಸೋಮವಾರ ಬೆಳಿಗ್ಗೆ ಮ್ಯಾನೇಜರ್ ನಮ್ಮನ್ನೆಲ್ಲ ಕರೆಸಿದರು. ಅವರು ನಿಂತೇ ಓದುವವರು, ನಿಂತೇ ಸಹಿ ಹಾಕುವವರು. ಅಂದು ಓದುತ್ತಾ ಓದುತ್ತಾ ಕುರ್ಚಿ ಎಳೆದು ಕೂತರು.

"ನಾಲ್ಕು ಕಂತು ಇವರು ಮಾತೇ ಆಡಿಲ್ಲ. ಒಬ್ಬ ಪ್ರೇಕ್ಷಕನೂ ದೂರು ಕೊಟ್ಟಿಲ್ಲ." ಅವರ ಮುಖದಲ್ಲಿ ನಾನು ನಿರೀಕ್ಷಿಸಿದ ಕೋಪ ಇರಲಿಲ್ಲ. ಅದಕ್ಕಿಂತ ಭಯವಾಗುವಂಥ ಒಂದು ಹೊಳಪಿತ್ತು. "ಹಾಗಾದ್ರೆ ಎರಡನೇ ಭಾಗಕ್ಕೆ ಇವರು ಬೇಕಾಗೇ ಇಲ್ವಲ್ಲ? ತುಂಡುಗಳೆಲ್ಲ ನಮ್ಮ ಹತ್ರಾನೇ ಇದೆ."

ಅತ್ತಿಗೆ ನನ್ನತ್ತ ನೋಡಲಿಲ್ಲ. ನಾನು ಬರೆದ ನಿಜ ಅವಳ ಕುತ್ತಿಗೆಗೇ ಬಂದಿತ್ತು. ಇನ್ನೊಂದು ಅಳತೆ ತೋರಿಸುವುದು ಬಿಟ್ಟು ನನಗೆ ಬೇರೆ ಏನೂ ತೋಚಲಿಲ್ಲ.

"ಎರಡು ಕೇಳಿ ಸಾರ್," ಎಂದು ಕಿವಿಗೆ ಸನ್ನೆ ಮಾಡಿದೆ.

ಅವನು ಮೊದಲು ಅಂಟಿಸಿದ್ದನ್ನು ಹಾಕಿದ. ಮ್ಯಾನೇಜರ್ ಹುಬ್ಬು ಗಂಟಿಕ್ಕಿದರು. ಆಮೇಲೆ ಅತ್ತಿಗೆ ಆಡಿದ್ದನ್ನು ಹಾಕಿದ. ಕತ್ತಿಯವಳು ದೂರದಲ್ಲಿ ನಿಂತು, ಬಿರಿದ ಧ್ವನಿಯಲ್ಲಿ, ಯಾರೂ ಕೇಳದಿದ್ದುದನ್ನು ಕೇಳಿದಳು.

"ಇನ್ನೊಂದು ಸಲ," ಎಂದರು ಮ್ಯಾನೇಜರ್. ಎರಡನೇ ಸಲ ಕೇಳುವಾಗ ಅವರು ಕಿಟಕಿಯ ಕಡೆ ತಿರುಗಿದ್ದರು.

ಮೇಷ್ಟ್ರು ಮೆಲ್ಲಗೆ ಹೇಳಿದರು: "ಹಳೇ ಮಾತಿಗೆ ತುಂಡು ಸಾಕು ಸಾರ್. ಹೊಸ ಮಾತಿಗೆ ಮನುಷ್ಯರೇ ಬೇಕು. ಎರಡನೇ ಭಾಗದಲ್ಲಿ ಇಂಥದ್ದು ಎಲ್ಲಿ ಬರುತ್ತೋ ಯಾರಿಗೆ ಗೊತ್ತು?"

"ಬರೋ ಲಕ್ಷಣ ಇದೆಯಾ?"

"ಇಲ್ಲ," ಎಂದರು ಮೇಷ್ಟ್ರು, ಪ್ರಾಮಾಣಿಕವಾಗಿ. "ಆದರೆ ಈ ಕಂತಲ್ಲೂ ಇರ್ಲಿಲ್ಲ."

ಮ್ಯಾನೇಜರ್ ಬಹಳ ಹೊತ್ತು ಕಾಗದ ತಿರುವಿದರು. ತೀರ್ಮಾನ ಹೇಳುವಾಗ ಮತ್ತೆ ಎದ್ದು ನಿಂತಿದ್ದರು. ಆ ಮಾತು ಹಾಗೇ ಇರಲಿ. ಅತ್ತಿಗೆಗೆ ಒಂದು ತಿಂಗಳು ಪೂರ್ತಿ ವಿಶ್ರಾಂತಿ, ಆಮೇಲೆ ಡಾಕ್ಟರ ಚೀಟಿ ತಂದು ತೋರಿಸಬೇಕು, ಕತ್ತಿಯವಳು ಅವಳದೇ. ನಟರ ಒಪ್ಪಿಗೆಯ ಸಹಿ ಇಲ್ಲದೆ ಯಾರ ಹಳೆಯ ತುಂಡನ್ನೂ ಇನ್ನು ಅಂಟಿಸುವಂತಿಲ್ಲ. ನನ್ನ ಮನೆಯವರು ನಟಿಸುವ ಕಂತುಗಳನ್ನು ನಾನು ಇನ್ನು ಮುಂದೆ ಪರೀಕ್ಷಿಸುವಂತಿಲ್ಲ. ಅದಕ್ಕೆ ಮೊದಲು, ಗೊತ್ತಿದ್ದೂ ಷರಾ ಖಾಲಿ ಬಿಟ್ಟ ನಾಲ್ಕು ನಮೂನೆಗಳನ್ನೂ ಇದನ್ನೂ ಸೇರಿಸಿ, ಐದನ್ನೂ ಹೊಸದಾಗಿ, ನಿಜ ನಿಜವಾಗಿ ಬರೆದುಕೊಡಬೇಕು.

ಬಾಗಿಲಾಚೆ ಅತ್ತಿಗೆ ನನ್ನ ತಲೆಗೆ ಮೆಲ್ಲಗೆ ಮೊಟಕಿದಳು. ಏನೂ ಹೇಳಲಿಲ್ಲ. ಹೇಳಬಾರದೂ ಆಗಿತ್ತು.

ನಾನು ಮೇಜಿಗೆ ಬಂದು ಐದು ಖಾಲಿ ನಮೂನೆ ತೆಗೆದುಕೊಂಡೆ. ಪ್ರತಿಯೊಂದರಲ್ಲೂ ಕೆಳಗೆ ಗೆರೆ ಎಳೆದು ಹದಿನೈದನೆಯದಾಗಿ ಒಂದು ಅಂಕಣ ಸೇರಿಸಿದೆ: 'ಕತ್ತಿಯವಳು, ಈ ಕಂತಿಗೆಂದೇ ಹೊಸದಾಗಿ ಆಡಿದ ಮಾತಿನ ಒಟ್ಟು ಅವಧಿ'. ಎಂಟನೇ ಕಂತು, ಸೊನ್ನೆ. ಒಂಬತ್ತು, ಸೊನ್ನೆ. ಹತ್ತು, ಸೊನ್ನೆ. ಹನ್ನೊಂದು, ಸೊನ್ನೆ. ಹನ್ನೆರಡನೆಯದಕ್ಕೆ ಅಲೆಯನ್ನು ತೆರೆಯ ಮೇಲೆ ಹಿಗ್ಗಿಸಿ, ಉಸಿರಿನ ತುದಿಯಿಂದ ಕೊನೆಯ ಅಕ್ಷರದ ಬಾಲದವರೆಗೆ ಎರಡು ಸಲ ಅಳೆದು ಬರೆದೆ: ೨.೬ ಸೆಕೆಂಡು.